ಮೋಟಾರು ತಿರುಗುತ್ತದೆ, ನೀರು ಬಾರದು

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಬೆಳೆಗಾರರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: “ಮೋಟಾರ ತಿರಗತೈತಿ, ನೀರ ಬರವಲ್ದು.” ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಅಡಿಕೆ ತಲೆಯೆತ್ತಿದೆ. ಆದರೆ ಮಲೆನಾಡಿನ ತೋಟಗಳಿಗೆ ಇರುವಂತೆ ಗುಡ್ಡದಿಂದ ತಾನಾಗಿ ಇಳಿದು ಬರುವ ಹರಿನೀರಿನ ಭಾಗ್ಯ ಇಲ್ಲಿಲ್ಲ. ವರದಾ, ತುಂಗಭದ್ರಾ, ಕುಮುದ್ವತಿ ನದಿಗಳ ದಂಡೆಯವರನ್ನೂ ತುಂಗಾ ಮೇಲ್ದಂಡೆ ಕಾಲುವೆಯ ಅಂಚಿನವರನ್ನೂ ಬಿಟ್ಟರೆ ಉಳಿದವರಿಗೆಲ್ಲ ಬಾವಿ ಇಲ್ಲವೆ ಬೋರೇ ಗತಿ. ಅನೇಕ ಮನೆಗಳಲ್ಲಿ ಅಡುಗೆಮನೆಯ ಕೊಡಕ್ಕೂ ದನಗಳ ಬಾನಿಗೂ ಅಡಿಕೆಯ ಸಸಿಮಡಿಗೂ ಒಂದೇ ಪಂಪು. ಅದು ನಿಂತ ದಿನ ಎಲ್ಲವೂ ನಿಂತಂತೆ.

ಇಂಥ ಹೊತ್ತಿನಲ್ಲಿ ಮನುಷ್ಯ ಗಾಬರಿಯಾಗುವುದು ಸಹಜ. ಗಾಬರಿಯಲ್ಲಿ ಮೊದಲು ಹೊಳೆಯುವುದು “ಪಂಪು ಎತ್ತಿಸಿಬಿಡೋಣ” ಎಂಬ ವಿಚಾರ. ಮುನ್ನೂರು ನಾನೂರು ಅಡಿ ಆಳದ ಪಂಪನ್ನು ಎತ್ತಿ ಮತ್ತೆ ಇಳಿಸುವ ಕೂಲಿ, ಚೈನ್‌ಪುಲ್ಲಿ ಅಥವಾ ಗಾಡಿಯ ಬಾಡಿಗೆ, ನಡುವೆ ಕಳೆದುಹೋಗುವ ಎರಡು ಮೂರು ದಿನ ಇವೆಲ್ಲ ಸಣ್ಣ ಹಿಡುವಳಿದಾರನಿಗೆ ಹೊರೆಯೇ. ಎತ್ತಿದ ಮೇಲೆ ಪಂಪಿನಲ್ಲಿ ಏನೂ ದೋಷವಿಲ್ಲ, ಹೋಗಿದ್ದದ್ದು ಒಂದು ಫ್ಯೂಜ್ ಎಂದು ತಿಳಿದರೆ ಆಗುವ ಸಂಕಟವನ್ನು ಬಲ್ಲವರೇ ಬಲ್ಲರು. ಆದುದರಿಂದ ಪಂಪು ಕೆಟ್ಟಿದೆ ಎಂಬ ತೀರ್ಮಾನ ಎಲ್ಲಕ್ಕಿಂತ ಕೊನೆಗೆ ಬರತಕ್ಕದ್ದು. ಅದಕ್ಕೆ ಮೊದಲು ನೋಡಬೇಕಾದವು ಮೂರು: ಕರೆಂಟು ಸರಿಯಾಗಿ ಬರುತ್ತಿದೆಯೇ, ಪೈಪಿನೊಳಗೆ ಗಾಳಿ ಸೇರಿದೆಯೇ, ಬಾವಿಯಲ್ಲಿ ನೀರು ಇದೆಯೇ. ಮೂರನ್ನೂ ಮನೆಯವರೇ ಹೆಚ್ಚಿನ ಖರ್ಚಿಲ್ಲದೆ ತಿಳಿದುಕೊಳ್ಳಬಹುದು.

ಮೊದಲು ಕರೆಂಟು

ಸ್ಟಾರ್ಟರ್ ಒತ್ತಿದಾಗ ಸದ್ದೇ ಇಲ್ಲವೆಂದರೆ ಹುಡುಕಾಟ ಸುಲಭ. ಫ್ಯೂಜ್, ಮೇನ್ ಸ್ವಿಚ್ಚು, ಸ್ಟಾರ್ಟರಿನ ಓವರ್‌ಲೋಡ್ ರಿಲೇ ಇವುಗಳಲ್ಲಿ ಒಂದು ಕಡೆ ಉತ್ತರ ಸಿಗುತ್ತದೆ. ರಿಲೇ ಬಿದ್ದಿದ್ದರೆ ಒಮ್ಮೆ ಎತ್ತಿ ನೋಡಬಹುದು. ಎರಡನೆಯ ಸಲವೂ ಬಿದ್ದರೆ ಮತ್ತೆ ಮತ್ತೆ ಎತ್ತುತ್ತ ಕೂರಬಾರದು. ಮೋಟಾರಿಗೆ ಏನೋ ಕಷ್ಟವಾಗುತ್ತಿದೆ ಎಂದು ಅದು ಹೇಳುತ್ತಿದೆ. ರಿಲೇಯನ್ನು ದಾರದಿಂದ ಕಟ್ಟಿ ನಿಲ್ಲಿಸುವುದು, ಫ್ಯೂಜಿಗೆ ದಪ್ಪ ತಂತಿ ಸುತ್ತುವುದು ಇವೆರಡೂ ವೈಂಡಿಂಗ್ ಅಂಗಡಿಗೆ ನಾವೇ ಕಳಿಸುವ ಆಮಂತ್ರಣ ಪತ್ರಿಕೆಗಳು.

ಮೋಟಾರು ತಿರುಗದೆ ಬರೀ ಗುಂಯ್‌ಗುಟ್ಟಿದರೆ ಕೂಡಲೇ ನಿಲ್ಲಿಸಬೇಕು. ಮೂರು ಫೇಸಿನ ಮೋಟಾರಾದರೆ ಒಂದು ಫೇಸು ಹೋಗಿರುತ್ತದೆ. ಮನೆಬಳಕೆಯ ಅರ್ಧ ಅಥವಾ ಒಂದು ಅಶ್ವಶಕ್ತಿಯ ಸಿಂಗಲ್ ಫೇಸ್ ಪಂಪಾದರೆ ಕಂಡೆನ್ಸರ್ ಸತ್ತಿರುವ ಸಂಭವವೇ ಹೆಚ್ಚು. ಅದು ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಬಿಡಿಭಾಗ. ಹಳೆಯದರ ಮೇಲೆ ಬರೆದಿರುವ ಅಳತೆಯದನ್ನೇ ತರಬೇಕು. ಕಳಚುವ ಮುನ್ನ ಕರೆಂಟು ತೆಗೆದಿದ್ದರೂ ಅದರಲ್ಲಿ ವಿದ್ಯುತ್ತು ಉಳಿದಿರುತ್ತದೆ ಎಂಬುದನ್ನು ಮರೆಯಬಾರದು. ಮಳೆಗಾಲವೆಲ್ಲ ಓಡಿಸದೆ ಬಿಟ್ಟ ಪಂಪಿನಲ್ಲಿ ತುಕ್ಕು ಹಿಡಿದು ಒಳಚಕ್ರ ಕಚ್ಚಿಕೊಂಡಿರುವುದೂ ಉಂಟು. ಮೇನ್ ತೆಗೆದು, ಮೋಟಾರಿನ ಹಿಂದಿನ ಫ್ಯಾನಿನ ಮುಚ್ಚಳ ಬಿಚ್ಚಿ, ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಇವೆಲ್ಲಕ್ಕಿಂತ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಇನ್ನೊಂದು. ಟಿ.ಸಿ. ಸುಟ್ಟು ಹೊಸದು ಕೂರಿಸಿದ ಮರುದಿನ, ಅಥವಾ ಲೈನು ಹರಿದು ಜೋಡಿಸಿದ ಮೇಲೆ, ಮೋಟಾರು ಚೆನ್ನಾಗಿಯೇ ತಿರುಗುತ್ತದೆ, ಸದ್ದೂ ಸರಿಯಾಗಿಯೇ ಇರುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಮೂರು ಫೇಸುಗಳ ಕ್ರಮ ಅದಲುಬದಲಾಗಿ ಮೋಟಾರು ಹಿಮ್ಮುಖವಾಗಿ ತಿರುಗುತ್ತಿರುತ್ತದೆ. ಬಾವಿ ದಂಡೆಯ ಪಂಪಾದರೆ ಅದರ ಮೈಮೇಲಿನ ಬಾಣದ ಗುರುತಿಗೆ ಹೋಲಿಸಿ ನೋಡಬಹುದು. ಬೋರಿನೊಳಗಿನ ಪಂಪು ಕಣ್ಣಿಗೆ ಕಾಣದು. ಅಕ್ಕಪಕ್ಕದ ಹೊಲದವರನ್ನು ವಿಚಾರಿಸಿ. ಅದೇ ಟಿ.ಸಿ.ಯ ನಾಲ್ಕಾರು ಬೋರುಗಳು ಒಂದೇ ದಿನ ಮುನಿಸಿಕೊಂಡಿದ್ದರೆ ಯಾರ ಪಂಪೂ ಕೆಟ್ಟಿಲ್ಲ. ತಿಳಿದ ಎಲೆಕ್ಟ್ರಿಷಿಯನ್ ಮೇನ್ ತೆಗೆದು ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಐದು ನಿಮಿಷದ ಕೆಲಸ.

ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಮೂರು ಫೇಸು ಎಂಬುದು ಸರ್ಕಾರದ ಲೆಕ್ಕ. ಉಳಿದ ಹೊತ್ತಿನಲ್ಲಿಯೂ ನೀರೆತ್ತುವ ಆಸೆಗೆ ಬಿದ್ದು ಕಂಡೆನ್ಸರ್ ಕಟ್ಟಿ ಮೂರು ಫೇಸಿನ ಮೋಟಾರನ್ನು ಎರಡರಲ್ಲಿ ಓಡಿಸುವವರಿದ್ದಾರೆ. ಮೋಟಾರು ಓಡುತ್ತದೆ, ನಿಜ. ಒಳಗೆ ವೈಂಡಿಂಗ್ ಕಾದು ಆಯುಷ್ಯ ತೇಯುತ್ತಿರುವುದು ಮಾತ್ರ ಹೊರಗೆ ಕಾಣುವುದಿಲ್ಲ.

ಬಾವಿ ದಂಡೆಯ ಪಂಪು ಮತ್ತು ಗಾಳಿಯ ಭಾರ

ತೆರೆದ ಬಾವಿಯ ದಂಡೆಯಲ್ಲಿ ಕುಳಿತ ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ಎಳೆಯುವುದಿಲ್ಲ. ಪಂಪು ತನ್ನ ಒಡಲಿನಲ್ಲಿ ಬರಿದು ಮಾಡಿಕೊಳ್ಳುತ್ತದೆ. ಬಾವಿಯ ನೀರಿನ ಮೇಲೆ ಕುಳಿತ ಗಾಳಿಯ ಭಾರ ನೀರನ್ನು ಪೈಪಿನೊಳಗೆ ಮೇಲಕ್ಕೆ ದೂಡುತ್ತದೆ. ಗಾಳಿಯ ಭಾರಕ್ಕೆ ಒಂದು ಮಿತಿ ಇದೆ. ಆ ಮಿತಿಗಿಂತ ಕೆಳಗೆ ನೀರು ಇಳಿದರೆ ಎಷ್ಟೇ ಒಳ್ಳೆಯ ಪಂಪಾದರೂ ಕೈಚೆಲ್ಲುತ್ತದೆ.

ಇದು ಮೊದಲು ತಿಳಿದುಬಂದ ಕಥೆ ನಮ್ಮ ಬೆಳೆಗಾರರಿಗೆ ಹಿಡಿಸುವಂಥದು. ಇಟಲಿಯ ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ಬಾವಿಯ ಪಂಪೊಂದು ನೀರು ಕೊಡುವುದನ್ನು ನಿಲ್ಲಿಸಿತು. ರಿಪೇರಿಗೆ ಬಂದ ಕೆಲಸಗಾರ ನೋಡಿ, ದೋಷ ಪಂಪಿನಲ್ಲಿಲ್ಲ, ನೀರು ತೀರ ಕೆಳಗಿಳಿದಿದೆ, ಇಷ್ಟು ಎತ್ತರಕ್ಕೆ ಯಾವ ಪಂಪೂ ಎತ್ತಲಾರದು ಎಂದನಂತೆ. ಅದಕ್ಕೆ ಕಾರಣ ಗಾಳಿಯ ಭಾರ ಎಂಬುದನ್ನು ಕೆಲವೇ ವರ್ಷಗಳ ನಂತರ ಗೆಲಿಲಿಯೊನ ಶಿಷ್ಯ ಟಾರಿಚೆಲ್ಲಿ ಕಂಡುಹಿಡಿದ. ದೊಡ್ಡ ವಿಜ್ಞಾನಿಗೂ ಗೊತ್ತಿಲ್ಲದ ಮಾತನ್ನು ರಿಪೇರಿಯವನು ಅನುಭವದಿಂದ ಬಲ್ಲವನಾಗಿದ್ದ.

ಸಮುದ್ರಮಟ್ಟದಲ್ಲಿ ಈ ಮಿತಿ ಸುಮಾರು 34 ಅಡಿ. ಎತ್ತರಕ್ಕೆ ಹೋದಂತೆ ಗಾಳಿ ಹಗುರಾಗುತ್ತದೆ, ಮಿತಿಯೂ ತಗ್ಗುತ್ತದೆ. ಹಾವೇರಿಯಂತಹ ಸುಮಾರು 1900 ಅಡಿ ಎತ್ತರದ ಪ್ರದೇಶದಲ್ಲಿ ಅದು 32 ಅಡಿಯ ಆಸುಪಾಸು. ಘಟ್ಟದ ಮೇಲೆ 3300 ಅಡಿ ಎತ್ತರದ ಕಾಫಿ ತೋಟದಲ್ಲಿ 30 ಅಡಿ. ಇದು ಕಾಗದದ ಲೆಕ್ಕ. ಪೈಪಿನ ತಿಕ್ಕಾಟ, ಬಾಗುಗಳು, ಫುಟ್‌ವಾಲ್ವಿನ ಅಡ್ಡಿ, ಪಂಪಿಗೇ ಬೇಕಾದ ಒತ್ತಡ ಎಲ್ಲ ಕಳೆದರೆ ನಮ್ಮ ಕಡೆ 20ರಿಂದ 22 ಅಡಿ, ಕಾಫಿ ಸೀಮೆಯಲ್ಲಿ 18ರಿಂದ 20 ಅಡಿ ಮಾತ್ರ ನಂಬಬಹುದಾದದ್ದು. ಸಂಕ್ರಾಂತಿಯಲ್ಲಿ 15 ಅಡಿಗೆ ಇದ್ದ ನೀರು ಯುಗಾದಿಗೆ 25 ಅಡಿಗೆ ಇಳಿದಿದ್ದರೆ ಪಂಪು ನಿಂತದ್ದು ಆಶ್ಚರ್ಯವಲ್ಲ. ನಿಲ್ಲುವ ಮೊದಲು ಅದು ಸೂಚನೆಯನ್ನೂ ಕೊಟ್ಟಿರುತ್ತದೆ: ಒಡಲಿನಲ್ಲಿ ಜಲ್ಲಿಕಲ್ಲು ಹಾಕಿ ಕುಲುಕಿದಂತೆ ಸದ್ದು ಬರುತ್ತದೆ, ನೀರಿನ ಧಾರೆ ಸಣ್ಣಗಾಗುತ್ತದೆ. ಆಗ ಮಾಡಬೇಕಾದದ್ದು ಬಾವಿಯೊಳಗೆ ಗಟ್ಟಿಯಾದ ಕಟ್ಟೆ ಮಾಡಿ ಪಂಪನ್ನು ಕೆಳಗಿಳಿಸುವುದು, ಇಲ್ಲವೆ ನೀರಿನೊಳಗೇ ಮುಳುಗಿ ಕೂರುವ ಪಂಪನ್ನು ಇಳಿಸುವುದು. ದಂಡೆಯ ಮೇಲೆಯೇ ಇನ್ನೂ ದೊಡ್ಡ ಪಂಪು ತಂದು ಕೂರಿಸಿದರೆ ಪ್ರಯೋಜನವಿಲ್ಲ. 3ರ ಬದಲು 10 ಅಶ್ವಶಕ್ತಿ ಹಾಕಿದರೂ ಬಾವಿಯ ಮೇಲಿನ ಗಾಳಿಯ ಭಾರ ಅಷ್ಟೇ.

ನೀರು ಮಿತಿಯೊಳಗೇ ಇದ್ದೂ ಬರುತ್ತಿಲ್ಲವೆಂದರೆ ಗಾಳಿಯನ್ನು ಹುಡುಕಬೇಕು. ಪಂಪಿನ ಬಾಯಿಗೆ ನೀರು ಹೊಯ್ದು ತುಂಬಿಸಿ, ಹತ್ತು ನಿಮಿಷ ಕಾದು ನೋಡಿ. ತುಂಬಿದ ನೀರು ಇಳಿದುಹೋದರೆ ಫುಟ್‌ವಾಲ್ವು ಸೋರುತ್ತಿದೆ. ಅದರ ನಾಲಗೆಗೆ ಎಲೆಯ ಚೂರೋ ಕಡ್ಡಿಯೋ ಸಿಕ್ಕಿರುತ್ತದೆ, ಅಥವಾ ವಾಷರ್ ಸವೆದಿರುತ್ತದೆ. ಸೆಗಣಿ ನೀರು ಹೊಯ್ದು ತಾತ್ಕಾಲಿಕವಾಗಿ ಸೋರಿಕೆ ಮುಚ್ಚುವ ಹಳೆಯ ಉಪಾಯ ಒಂದು ದಿನದ ಮಟ್ಟಿಗೆ ನಡೆದೀತು. ಅದೇ ಬಾವಿಯ ನೀರು ಕುಡಿಯುವ ಮನೆಯಲ್ಲಿ ಬೇಡವೇ ಬೇಡ.

ನೀರು ನಿಂತಲ್ಲೇ ನಿಂತು, ಸ್ಟಾರ್ಟ್ ಮಾಡಿದರೆ ಮಾತ್ರ ಬಾರದಿದ್ದರೆ, ಫುಟ್‌ವಾಲ್ವಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ, ಇಲ್ಲವೆ ಏನೋ ಸಿಕ್ಕಿಕೊಂಡಿದೆ. ಈ ಪೈಪಿನ ಬಿರುಕು ನೀರನ್ನು ಹೊರಗೆ ಸೋರಿಸುವುದಿಲ್ಲ, ಗಾಳಿಯನ್ನು ಒಳಗೆ ಹೀರುತ್ತದೆ. ಹೀಗಾಗಿ ಕಣ್ಣಿಗೆ ಬೀಳುವುದಿಲ್ಲ. ಮೋಟಾರು ಓಡುತ್ತಿರುವಾಗ ಹಚ್ಚಿದ ಊದಿನಕಡ್ಡಿಯನ್ನು ಒಂದೊಂದೇ ಜೋಡಣೆಯ ಹತ್ತಿರ ಹಿಡಿಯುತ್ತ ಹೋಗಿ. ಹೊಗೆ ಎಲ್ಲಿ ಒಳಕ್ಕೆ ಬಾಗುತ್ತದೋ ಅಲ್ಲಿ ತೂತಿದೆ. ಗಾಳಿ ಬೀಸುವ ಹೊತ್ತಿನಲ್ಲಿ ಇದು ನಡೆಯದು, ಬೆಳಗಿನ ಜಾವ ಅನುಕೂಲ. ಡೀಸೆಲ್ ಪಂಪಿನ ಹತ್ತಿರವಾದರೆ ಊದಿನಕಡ್ಡಿ ಬಿಟ್ಟು ಜೋಡಣೆಗಳಿಗೆ ಗ್ರೀಸು ಮೆತ್ತಿ ನೋಡಿ. ಮೆತ್ತಿದ ಕೂಡಲೇ ನೀರು ಏರಿದರೆ ಜಾಗ ಸಿಕ್ಕಿತು.

ಗಾಳಿ ನುಗ್ಗುವ ಇನ್ನೊಂದು ಬಾಗಿಲು ಗ್ಲ್ಯಾಂಡು. ಶಾಫ್ಟು ಪಂಪಿನೊಳಗೆ ಹೋಗುವಲ್ಲಿ ಸುತ್ತಿರುವ ಗ್ರಾಫೈಟ್ ದಾರ ಒಣಗಿ ಸವೆದರೆ ಅಲ್ಲಿಂದ ಗಾಳಿ ಸೇರುತ್ತದೆ. ಒಂದು ಹನಿಯೂ ಸೋರಬಾರದೆಂದು ಅದನ್ನು ಬಿಗಿಯುವುದು ಹಲವರ ಅಭ್ಯಾಸ. ಅದು ತಪ್ಪು. ಓಡುವಾಗ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿದ್ದರೆ ದಾರ ತಂಪಾಗಿದ್ದು ಶಾಫ್ಟನ್ನು ಕಾಯುತ್ತದೆ. ಅತಿ ಬಿಗಿದರೆ ದಾರ ಸುಟ್ಟು ಶಾಫ್ಟಿನಲ್ಲಿ ಗೀರು ಬೀಳುತ್ತದೆ.

ಪೈಪು ಹಾಕಿದ ರೀತಿಯಲ್ಲೇ ದೋಷವಿರುವುದೂ ಉಂಟು. ಬಾವಿಯಿಂದ ಪಂಪಿನವರೆಗೆ ಪೈಪು ಸ್ವಲ್ಪ ಸ್ವಲ್ಪವೇ ಏರುತ್ತ ಬರಬೇಕು. ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿದರೆ ಆ ಉಬ್ಬಿನಲ್ಲಿ ಗಾಳಿ ಕುಳಿತು ಏಳುವುದೇ ಇಲ್ಲ. ಫುಟ್‌ವಾಲ್ವು ನೀರಿನೊಳಗೆ ಕನಿಷ್ಠ ಎರಡು ಮೂರು ಅಡಿ ಮುಳುಗಿರಬೇಕು, ತಳದ ಕೆಸರಿನಿಂದ ಒಂದೆರಡು ಅಡಿ ಮೇಲಿರಬೇಕು. ಬೇಸಿಗೆಯಲ್ಲಿ ಈ ಎರಡು ಶರತ್ತುಗಳನ್ನು ಒಟ್ಟಿಗೆ ನಡೆಸುವಷ್ಟು ನೀರು ಬಾವಿಯಲ್ಲಿ ಇಲ್ಲದೆ ಹೋದಾಗ ಹೂಳು ತೆಗೆಸುವುದೊಂದೇ ದಾರಿ.

ಕೊನೆಗೆ ಮೇಲಿನ ಕಡೆಯನ್ನೂ ನೋಡಿ. ಗೇಟ್‌ವಾಲ್ವಿನ ಚಕ್ರ ಸಲೀಸಾಗಿ ತಿರುಗುತ್ತದೆ, ಒಳಗೆ ಅದರ ಕಡ್ಡಿ ಮುರಿದು ಗೇಟು ಮುಚ್ಚಿಯೇ ಇರುತ್ತದೆ. ಇದನ್ನು ಪತ್ತೆಹಚ್ಚಲಾಗದೆ ಪಂಪನ್ನೇ ಬಿಚ್ಚಿದವರಿದ್ದಾರೆ.

ಬೋರಿನೊಳಗೆ ಏನಾಗುತ್ತಿದೆ

ಬೋರಿನ ಪಂಪಿಗೆ ಗಾಳಿಯ ಭಾರದ ತೊಡಕಿಲ್ಲ, ಅದು ನೀರಿನೊಳಗೇ ಕುಳಿತು ಮೇಲಕ್ಕೆ ನೂಕುತ್ತದೆ. ಆದರೆ ಕಣ್ಣಿಗೆ ಕಾಣದು, ಕೈಗೆ ಸಿಗದು. ಅಲ್ಲಿ ನಮಗಿರುವ ಕಣ್ಣು ಸ್ಟಾರ್ಟರ್ ಪೆಟ್ಟಿಗೆಯ ಆಂಪಿಯರ್ ಮೀಟರು. ಪಂಪು ಇಳಿಸಿದ ದಿನ, ನೀರು ಚೆನ್ನಾಗಿ ಬರುತ್ತಿದ್ದಾಗ, ಮುಳ್ಳು ಎಲ್ಲಿ ನಿಂತಿತ್ತು ಎಂದು ಪೆಟ್ಟಿಗೆಯ ಬಾಗಿಲಿನ ಒಳಗಡೆ ಬರೆದಿಟ್ಟವರು ಜಾಣರು. ನೀರು ನಿಂತ ದಿನ ಮುಳ್ಳು ಅದಕ್ಕಿಂತ ಬಹಳ ಕೆಳಗಿದ್ದರೆ ಪಂಪಿಗೆ ಕೆಲಸವೇ ಇಲ್ಲವೆಂದು ಅರ್ಥ: ಬೋರಿನಲ್ಲಿ ನೀರು ಇಳಿದಿದೆ, ಅಥವಾ ಮೋಟಾರು ಮತ್ತು ಪಂಪಿನ ನಡುವಿನ ಜೋಡಣೆ ತುಂಡಾಗಿ ಮೋಟಾರು ಒಂದೇ ತಿರುಗುತ್ತಿದೆ. ಮುಳ್ಳು ಮೇಲೇರಿದ್ದರೆ ಮರಳು ಸಿಕ್ಕಿ ಪಂಪು ಬಿಗಿಯಾಗಿದೆ, ಇಲ್ಲವೆ ವೋಲ್ಟೇಜು ಕುಸಿದಿದೆ. ಒಂದು ಫೇಸಿನಲ್ಲಿ ಏನೂ ಹರಿಯದಿದ್ದರೆ ಕೇಬಲ್ಲಿನ ಜೋಡಣೆ ಹೋಗಿದೆ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಮೋಟಾರು ಓಡುತ್ತಿರುವಾಗ ಬೋರಿನ ಬಾಯಿಗೆ ಕಿವಿಯಿಟ್ಟು ಕೇಳಿ. ಒಳಗೆ ನೀರು ಸುರಿಯುವ ಸದ್ದು ಬಂದರೆ ಪೈಪು ಒಡೆದಿದೆ ಅಥವಾ ಸಾಕೆಟ್ಟು ಬಿಟ್ಟಿದೆ. ಪಂಪು ಎತ್ತಿದ ನೀರು ಅಲ್ಲಲ್ಲೇ ಕೆಳಗೆ ಬೀಳುತ್ತಿದೆ. ಆಗ ಎತ್ತಿಸುವ ಖರ್ಚು ವ್ಯರ್ಥವಲ್ಲ.

ಮೊದಲು ಹತ್ತು ನಿಮಿಷ ಚೆನ್ನಾಗಿ ಬಂದು, ಆಮೇಲೆ ಗಾಳಿ ಮಿಶ್ರವಾಗಿ ಕೆಮ್ಮಿದಂತೆ ಬಂದು, ನಿಂತೇ ಹೋಗಿ, ಅರ್ಧ ಗಂಟೆ ಬಿಟ್ಟು ಹಾಕಿದರೆ ಮತ್ತೆ ಹತ್ತು ನಿಮಿಷ ಬಂದರೆ ಪಂಪಿನ ತಪ್ಪೇನೂ ಇಲ್ಲ. ಬಂಡೆಯ ಬಿರುಕಿನಿಂದ ಬೋರಿಗೆ ಒಸರುವ ನೀರಿಗಿಂತ ಪಂಪು ಎತ್ತುವುದು ಹೆಚ್ಚು. ನಮ್ಮದು ಗಟ್ಟಿ ಕಲ್ಲಿನ ನೆಲ. ನೀರು ಇರುವುದು ಬಿರುಕುಗಳಲ್ಲಿ. ಇಂಥ ಬೋರಿಗೆ ಹೆಚ್ಚು ಅಶ್ವಶಕ್ತಿಯ ಪಂಪು ಇಳಿಸಿದರೆ ಹತ್ತು ನಿಮಿಷ ಬರುತ್ತಿದ್ದದ್ದು ಐದು ನಿಮಿಷಕ್ಕೆ ಮುಗಿಯುತ್ತದೆ. ಗೇಟ್‌ವಾಲ್ವನ್ನು ಅರ್ಧ ಮುಚ್ಚಿ ಬಿಡುವುದು ಅಥವಾ ಚಿಕ್ಕ ಪಂಪು ಇಳಿಸುವುದೇ ಸರಿ. ಪೈಪು ಸೇರಿಸಿ ಪಂಪನ್ನು ಇನ್ನೂ ಕೆಳಗಿಳಿಸಬಹುದು, ಆದರೆ ತಳದಿಂದ ಹದಿನೈದು ಇಪ್ಪತ್ತು ಅಡಿ ಮೇಲೆ ನಿಲ್ಲಿಸಬೇಕು, ಇಲ್ಲವಾದರೆ ಹೂಳಿನಲ್ಲಿ ಹೂತುಕೊಳ್ಳುತ್ತದೆ. ನೀರಿಲ್ಲದೆ ಓಡಿಸುವುದಂತೂ ಪಂಪಿಗೆ ವಿಷ. ಅದರ ಬೇರಿಂಗುಗಳಿಗೆ ನೀರೇ ಎಣ್ಣೆ, ಮೋಟಾರಿಗೆ ನೀರೇ ತಂಪು. ರಾತ್ರಿ ಕರೆಂಟು ಬಂದಾಗ ತಾನೇ ಶುರುವಾಗುವ ಆಟೋ ಸ್ಟಾರ್ಟರ್ ಇಟ್ಟವರು, ನೀರು ತೀರಿದಾಗ ತಾನೇ ನಿಲ್ಲಿಸುವ ಸಾಧನವನ್ನೂ ಇಡಿಸಿಕೊಳ್ಳತಕ್ಕದ್ದು.

ಇಲ್ಲಿ ಬೋರಿನವರ “ಇಂಚು” ಲೆಕ್ಕದ ಬಗ್ಗೆ ಒಂದು ಮಾತು. “ಎರಡಿಂಚು ನೀರು ಬಿತ್ತು” ಎಂದರೆ ಎರಡಿಂಚಿನ ಪೈಪು ತುಂಬ ನೀರು ಎಂದಲ್ಲ. ವಿ ಆಕಾರದ ಕಿಂಡಿಯಲ್ಲಿ ನೀರು ಎರಡಿಂಚು ಎತ್ತರಕ್ಕೆ ಹರಿಯಿತು ಎಂದು ಅರ್ಥ. ಆ ಲೆಕ್ಕದಲ್ಲಿ ಒಂದಿಂಚು ಎಂದರೆ ಗಂಟೆಗೆ ಸುಮಾರು 530 ಲೀಟರು, ಎರಡಿಂಚು ಎಂದರೆ ಸುಮಾರು 3000 ಲೀಟರು, ಮೂರಿಂಚು ಎಂದರೆ 8000 ಲೀಟರು. ಇಂಚು ಇಮ್ಮಡಿಯಾದರೆ ನೀರು ಐದೂವರೆ ಪಟ್ಟು. ಹಾಗೆಯೇ ಬೇಸಿಗೆಯಲ್ಲಿ ಎರಡಿಂಚು ಒಂದಿಂಚಾದರೆ ನೀರು ಅರ್ಧವಾಗುವುದಿಲ್ಲ, ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ನಂಬಬೇಕಾದ ಅಳತೆ ಇನ್ನೂರು ಲೀಟರಿನ ಡ್ರಮ್ಮು ಮತ್ತು ಕೈಗಡಿಯಾರ. ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3000 ಲೀಟರು.

ಇದನ್ನು ಅಡಿಕೆಗೆ ಹಚ್ಚಿ ನೋಡೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಮಾರ್ಚಿಯಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ ಮರವೊಂದಕ್ಕೆ 175 ಲೀಟರು ಎಂಬುದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಹಾಯಿ ನೀರಿಗೆ ಒಂದು ಸುತ್ತಿಗೆ 94,500 ಲೀಟರು. ಎರಡಿಂಚಿನ ಬೋರು ದಿನಕ್ಕೆ 7 ಗಂಟೆ ಓಡಿದರೂ ಇದಕ್ಕೆ ನಾಲ್ಕೂವರೆ ದಿನ ಬೇಕು. ಅಂದರೆ ಬೇಸಿಗೆ ಪೂರ್ತಿ, ಕರೆಂಟು ಇದ್ದಷ್ಟು ಹೊತ್ತೂ ಬೋರಿಗೆ ಬಿಡುವೇ ಇಲ್ಲ. ಅದೇ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು. ಎಕರೆಗೆ ಹೆಚ್ಚೆಂದರೆ ಮೂರೂವರೆ ಗಂಟೆಯ ಕೆಲಸ. ಉಳಿದ ಹೊತ್ತು ಬೋರು ಉಸಿರಾಡುತ್ತದೆ. 2023-24ರ ಬರಗಾಲದಲ್ಲಿ ನಿಂತುಹೋದ ಪಂಪುಗಳ ಲೆಕ್ಕವನ್ನು ಈ ಕಡೆಯಿಂದಲೂ ನೋಡಬೇಕಾಗಿದೆ.

ಹಗ್ಗ ಹೇಳುತ್ತಿದ್ದ ಮಾತು

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ಸ್ಥಿತಿಯನ್ನು ಯಾರೂ ಬೇರೆಯಾಗಿ ವಿಚಾರಿಸಬೇಕಾಗಿರಲಿಲ್ಲ. ಎತ್ತುಗಳು ಎಷ್ಟು ದೂರ ನಡೆದವು, ಹಗ್ಗ ಎಷ್ಟು ಇಳಿಯಿತು ಎಂಬುದರಲ್ಲೇ ನೀರಿನ ಮಟ್ಟ ಗೊತ್ತಾಗುತ್ತಿತ್ತು. ಮೋಟಾರು ಬಂದ ಮೇಲೆ ಗುಂಡಿ ಒತ್ತುವುದಷ್ಟೇ ಉಳಿಯಿತು. ನೀರು ಎಲ್ಲಿದೆ ಎಂಬ ತಿಳಿವಳಿಕೆ ಕೈತಪ್ಪಿತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲದ್ದರಿಂದ ಓಡಿದ ಗಂಟೆಗಳ ಲೆಕ್ಕವೂ ತಪ್ಪಿತು.

“ಕಾಕಾ, ಬೋರಿನಾಗ ನೀರ ಎಷ್ಟಕ್ಕ ಐತ್ರಿ?” ಎಂದು ಕೇಳಿದರೆ, “ನಾನೂರ ಫೂಟ್ ಹೊಡಸೀವಿ ತಮ್ಮಾ” ಎಂಬ ಉತ್ತರ ಬರುತ್ತದೆ. ಕೇಳಿದ್ದು ನೀರಿನ ಮಟ್ಟ, ಹೇಳಿದ್ದು ಬೋರಿನ ಆಳ. ಎರಡೂ ಬೇರೆ ಎಂಬುದು ಪಂಪು ನಿಂತ ದಿನವಷ್ಟೇ ನೆನಪಾಗುತ್ತದೆ.

ತೆರೆದ ಬಾವಿಗೆ ಹಗ್ಗಕ್ಕೆ ಒಂದು ಗುಂಡು ಕಟ್ಟಿ, ಐದೈದು ಅಡಿಗೆ ಗಂಟು ಹಾಕಿ ಇಳಿಬಿಟ್ಟರೆ ಸಾಕು. ಪಂಪು ಇಳಿಸಿದ ಬೋರಿಗೆ ಹೀಗೆ ಇಳಿಬಿಡಬಾರದು, ಕೇಬಲ್ಲಿಗೆ ಸುತ್ತಿಕೊಳ್ಳುತ್ತದೆ. ಕಲ್ಲು ಹಾಕಿ ಸದ್ದು ಕೇಳುವುದನ್ನಂತೂ ಮಾಡಲೇಬಾರದು. ಅದಕ್ಕೆ ಬೇರೆ ಉಪಾಯವಿದೆ. ಪಂಪು ಇಳಿಸುವಾಗಲೇ ಪೈಪಿನ ಜೊತೆಗೆ ಕಾಲಿಂಚಿನ ಪ್ಲಾಸ್ಟಿಕ್ ನಳಿಗೆಯನ್ನು ಕಟ್ಟಿ ಪಂಪಿನವರೆಗೂ ಬಿಡಿ. ಮೇಲಿನ ತುದಿಗೆ ಒತ್ತಡ ತೋರಿಸುವ ಗೇಜು ಮತ್ತು ಸೈಕಲ್ ಟ್ಯೂಬಿನ ವಾಲ್ವು ಕೂರಿಸಿ. ಮಟ್ಟ ತಿಳಿಯಬೇಕಾದಾಗ ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ನಳಿಗೆಯೊಳಗಿನ ನೀರೆಲ್ಲ ಕೆಳಗೆ ಹೊರಬಿದ್ದ ಮೇಲೆ ಗೇಜಿನ ಮುಳ್ಳು ಮೇಲೇರದೆ ನಿಲ್ಲುತ್ತದೆ. ಗೇಜಿನ ಒಂದೊಂದು ಪೌಂಡಿಗೆ 2.31 ಅಡಿ ನೀರು. ನಳಿಗೆ 300 ಅಡಿ ಇದ್ದು ಮುಳ್ಳು 40ಕ್ಕೆ ನಿಂತರೆ ಪಂಪಿನ ಮೇಲೆ 92 ಅಡಿ ನೀರಿದೆ. ಮಟ್ಟ ಇರುವುದು 208 ಅಡಿಗೆ. ತಿಂಗಳಿಗೊಮ್ಮೆ, ಮೋಟಾರು ಹಾಕುವ ಮುನ್ನ ಬೆಳಿಗ್ಗೆ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸಾಕು. ಮಾರ್ಚಿಯಲ್ಲಿ ನೀರು ನಿಲ್ಲಲಿದೆ ಎಂಬುದು ಜನವರಿಯಲ್ಲೇ ತಿಳಿಯುತ್ತದೆ, ಸಸಿ ಹಚ್ಚುವ ಲೆಕ್ಕವನ್ನು ಅದಕ್ಕೆ ಹೊಂದಿಸಬಹುದು.

ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಮೆಕ್ಯಾನಿಕ್ಕಿನ ಕೈಯಲ್ಲಿ ಏನೂ ಇಲ್ಲ. ರಾಣೇಬೆನ್ನೂರು ತಾಲ್ಲೂಕಿನ ಕಾಕೋಳದಲ್ಲಿ ರೈತರು ಮಳೆನೀರನ್ನು ಇಂಗಿಸಿ ಬೋರುಗಳಿಗೆ ಮರುಪೂರಣ ಮಾಡುವ ಕೆಲಸ ನಡೆಸಿ ಹೆಸರು ಪಡೆದಿದ್ದಾರೆ. ಹತ್ತಿರದವರು ಒಮ್ಮೆ ಹೋಗಿ ನೋಡಬಹುದು. ಕಲ್ಲು, ಜಲ್ಲಿ, ಮರಳಿನ ಪದರ ಹಾಕಿ ಸೋಸದೆ ಹೊಲದ ಕೆಂಪುನೀರನ್ನು ನೇರವಾಗಿ ಬೋರಿಗೆ ಬಿಟ್ಟರೆ ಮಾತ್ರ ಬಿರುಕುಗಳೇ ಮುಚ್ಚಿಹೋಗುತ್ತವೆ.

ಜೀವಕ್ಕೆ ಸಂಬಂಧಿಸಿದ ಕೆಲವು ಮಾತು

ಫುಟ್‌ವಾಲ್ವು ನೋಡಲು ಬಾವಿಗೆ ಇಳಿಯುವವರು ಒಬ್ಬರೇ ಇಳಿಯಕೂಡದು. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಎಳೆಯಬಲ್ಲ ಇಬ್ಬರಿರಬೇಕು. ಬಹಳ ದಿನ ಬಳಸದ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಕಂದೀಲು ಇಳಿಬಿಟ್ಟು ಅದು ಆರಿದರೆ ಇಳಿಯಬಾರದೆಂಬುದು ಹಿರಿಯರ ಪರೀಕ್ಷೆ. ಅದು ಉಸಿರಾಡುವ ಗಾಳಿ ಕಡಿಮೆಯಿರುವುದನ್ನು ತೋರಿಸುತ್ತದೆ, ಬೇರೆ ವಿಷಗಾಳಿಯನ್ನು ತೋರಿಸದು. ಬಾವಿಯ ಕಟ್ಟೆಯ ಮೇಲೆ ಡೀಸೆಲ್ ಇಂಜಿನ್ ಓಡಿಸಿದ್ದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ತುಂಬಿದ ಬಾವಿಯಲ್ಲಿ ಕಂದೀಲು ಉರಿಯುತ್ತಲೇ ಇರಬಹುದು, ಇಳಿದವನು ಕುಸಿಯಬಹುದು. ಅವನನ್ನು ಎತ್ತಲು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಒಂದೇ ಮನೆಯ ಮೂವರು ಹೋಗುವುದು ಹೀಗೆ. ಬಾವಿಯೊಳಗೆ ಇಂಜಿನ್ ಇಡಲೇಬೇಡಿ. ಬಿದ್ದವನನ್ನು ಹಗ್ಗದಿಂದ ಎಳೆಯಿರಿ, ಅಗ್ನಿಶಾಮಕ ದಳವನ್ನು ಕರೆಯಿರಿ, ಹಿಂದೆಯೇ ಇಳಿಯಬೇಡಿ.

ಒದ್ದೆ ಕಾಲಿನಲ್ಲಿ ನಿಂತು ಸ್ಟಾರ್ಟರ್ ಪೆಟ್ಟಿಗೆ ಮುಟ್ಟಬಾರದು, ಅರ್ಥಿಂಗ್ ಇಲ್ಲದ ಪಂಪನ್ನು ಓಡಿಸಬಾರದು ಎಂಬುದನ್ನು ಎಲ್ಲರೂ ಬಲ್ಲರು; ಮಾಡುವವರು ಕಡಿಮೆ.

ಪಂಪು ಎತ್ತಿದ ಬೋರಿನ ಬಾಯಿಗೆ ಅದೇ ಗಳಿಗೆಯಲ್ಲಿ ಗಟ್ಟಿಯಾದ ಮುಚ್ಚಳ ಬೀಳಬೇಕು. ಗೋಣಿಚೀಲ, ತೆಂಗಿನ ಗರಿ, ಮುಳ್ಳುಕಂಟಿ ಮುಚ್ಚಳವಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ನೀರು ಬೀಳದ ಹೊಸ ಬೋರಿಗೆ ಬಿದ್ದ ಎರಡು ವರ್ಷದ ಮಗು ಸುಮಾರು 20 ಗಂಟೆಗಳ ಮೇಲೆ ಜೀವಂತವಾಗಿ ಹೊರಬಂತು. ಎಲ್ಲ ಮಕ್ಕಳಿಗೂ ಆ ಪುಣ್ಯ ಇರಲಿಲ್ಲ.

ಕಾಫಿ ಬೆಳೆಗಾರರಿಗೆ

ಅಡಿಕೆಗೆ ಪಂಪು ಬೇಸಿಗೆಯುದ್ದಕ್ಕೂ ಬೇಕು. ರೊಬಸ್ಟಾ ಬೆಳೆಯುವವರಿಗೆ ಹೂ ಅರಳಿಸುವ ಸ್ಪ್ರಿಂಕ್ಲರ್ ನೀರಿಗೆ ಫೆಬ್ರವರಿ, ಮಾರ್ಚಿಯ ಕೆಲವೇ ದಿನ ಬೇಕು. ಆ ದಿನ ಅದು ಕೈಕೊಟ್ಟರೆ ವರ್ಷದ ಫಸಲೇ ಕೈಕೊಟ್ಟಂತೆ. ಉಳಿದ ಹತ್ತು ತಿಂಗಳು ಪಂಪು ಕೆರೆಯಂಚಿನ ಶೆಡ್ಡಿನಲ್ಲಿ ಮಲಗಿರುತ್ತದೆ, ಕೆಡುವುದು ಹಾಗೆ ಮಲಗಿರುವಾಗಲೇ. ಕೆಲಸ ಮುಗಿದ ದಿನ ಪಂಪಿನ ಒಡಲಿನ ನೀರನ್ನು ಕೆಳಗಿನ ಬಿರಟೆ ಬಿಚ್ಚಿ ಹರಿಸಿ. ಗ್ಲ್ಯಾಂಡು ಸಡಿಲಿಸಿ. ಫುಟ್‌ವಾಲ್ವನ್ನು ತೊಳೆದು ಒಣಗಿಸಿ ನೇತುಹಾಕಿ. ತಿಂಗಳಿಗೆರಡು ಸಲ ಶಾಫ್ಟನ್ನು ಕೈಯಿಂದ ತಿರುಗಿಸಲು ಆಳಿಗೆ ಹೇಳಿ. ಪೈಪುಗಳ ಎರಡು ಬಾಯಿಗೂ ಗೋಣಿಚೀಲ ಬಿಗಿದು ಕಟ್ಟಿ, ಇಲ್ಲವಾದರೆ ಕಣಜದ ಹುಳು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ, ಇಲಿ ಸಂಸಾರ ಹೂಡುತ್ತದೆ. ಮುಂದಿನ ಫೆಬ್ರವರಿಯಲ್ಲಿ ಸ್ಟಾರ್ಟ್ ಮಾಡುವ ಮುನ್ನ ಆ ಗೋಣಿಚೀಲ ಬಿಚ್ಚುವುದನ್ನು ಮಾತ್ರ ಮರೆಯಬೇಡಿ.